ನೆರಳನ್ನು ಬರೆಯುವ ಕಲೆ

ಹಾಳೆಯ ಮೇಲೆ ಒಂದು ವೃತ್ತವನ್ನು ಬರೆದರೆ ಅದು ಕೇವಲ ವೃತ್ತವಾಗಿ ಉಳಿಯುತ್ತದೆ. ನೋಡುವವನು ಅದನ್ನು ರೊಟ್ಟಿಯೆಂದು ತಿಳಿಯಬಹುದು, ಬಳೆಯೆಂದು ತಿಳಿಯಬಹುದು, ಹುಣ್ಣಿಮೆಯ ಚಂದ್ರನೆಂದೂ ತಿಳಿಯಬಹುದು. ಆದರೆ ಆ ವೃತ್ತದ ಒಂದು ಮಗ್ಗುಲಲ್ಲಿ ಬೆಳಕನ್ನು ಉಳಿಸಿ, ಇನ್ನೊಂದು ಮಗ್ಗುಲನ್ನು ಮೆಲ್ಲಮೆಲ್ಲನೆ ಕಪ್ಪಾಗಿಸುತ್ತ ಹೋಗಿ, ಕೆಳಗಿನ ನೆಲದ ಮೇಲೆ ಒಂದು ನೆರಳನ್ನು ಚಾಚಿದರೆ ಅದೇ ವೃತ್ತವು ದಾಳಿಂಬೆಯ ಹಣ್ಣಾಗುತ್ತದೆ. ಕೈನೀಡಿ ಎತ್ತಿಕೊಳ್ಳಬಹುದೆಂದು ತೋರುತ್ತದೆ. ಗೆರೆಯು ವಸ್ತುವಿನ ಎಲ್ಲೆಯನ್ನು ಗುರುತಿಸಿದರೆ ನೆರಳು ಅದರ ಮೈಯ ಉಬ್ಬುತಗ್ಗುಗಳನ್ನು ತಿಳಿಸುತ್ತದೆ. ಉದ್ದ ಮತ್ತು ಅಗಲಗಳಷ್ಟೇ ಇರುವ ಹಾಳೆಯ ಮೇಲೆ ದಪ್ಪವೆಂಬ ಮೂರನೆಯ ಅಳತೆಯನ್ನು ಕಣ್ಣಿಗೆ ಕಾಣಿಸುವ ಸಾಧನಗಳಲ್ಲಿ ನೆರಳು ಮುಖ್ಯವಾದುದು.

ಇಂದು ಚಿತ್ರಕಾರನ ಹಾಳೆಯ ಪಕ್ಕದಲ್ಲಿ ಗಣಕಯಂತ್ರದ ಪರದೆಯೂ ಬಂದು ನಿಂತಿದೆ. ಪರದೆಯ ಮೇಲೆ ಅಥವಾ ಅದಕ್ಕೆ ಜೋಡಿಸಿದ ಫಲಕದ ಮೇಲೆ ವಿಶೇಷವಾದ ಲೇಖನಿಯಿಂದ ಬರೆಯುವ ಈ ವಿಧಾನಕ್ಕೆ ಡಿಜಿಟಲ್ ಚಿತ್ರಕಲೆ ಎಂದು ಹೆಸರು. ಇದರಲ್ಲಿ ಬಣ್ಣವು ಮುಗಿಯುವುದಿಲ್ಲ, ಕುಂಚವು ಸವೆಯುವುದಿಲ್ಲ. ತಪ್ಪಿದ ಗೆರೆಯನ್ನು ಕ್ಷಣಮಾತ್ರದಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದು. ಇಷ್ಟು ಸೌಲಭ್ಯಗಳನ್ನು ಕಂಡ ಹೊಸ ವಿದ್ಯಾರ್ಥಿಯು ನೆರಳನ್ನು ಹಾಕುವ ಕೆಲಸವನ್ನೂ ಯಂತ್ರವೇ ಮಾಡಿಕೊಡುವುದೆಂದು ನಂಬುವುದುಂಟು. ಯಂತ್ರವು ಲಕ್ಷಾಂತರ ಬಣ್ಣಗಳನ್ನು ಮುಂದಿಡಬಲ್ಲದು. ಆದರೆ ಅವುಗಳಲ್ಲಿ ಯಾವುದನ್ನು ಎಲ್ಲಿ ಇಡಬೇಕೆಂಬ ತಿಳಿವಳಿಕೆಯು ವಸ್ತುವನ್ನು ಸಾವಧಾನವಾಗಿ ನೋಡಿದವನಿಗೆ ಮಾತ್ರ ಬರುತ್ತದೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ವಿದ್ಯಾರ್ಥಿಯು ಈ ಅಭ್ಯಾಸಕ್ಕೆ ಬೇಕಾದ ವಸ್ತುಗಳನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡು ಬೆಳೆದ ಕಬ್ಬಿನ ಜಲ್ಲೆಯು ಒಂದು ಸಿಲಿಂಡರ್. ಮಗ್ಗದ ಮನೆಯಲ್ಲಿ ಬಣ್ಣದ ನೂಲು ಸುತ್ತಿದ ಕಂಡಿಕೆಯೂ ಹೆಚ್ಚುಕಡಿಮೆ ಅದೇ ಆಕಾರದ್ದು. ನೀರಿನ ಕೊಡದ ಹೊಟ್ಟೆಯು ಗೋಳ. ರಾಶಿ ಮಾಡಿದ ಜೋಳವು ಶಂಕು. ಗೋಡೆಗೆ ಒಟ್ಟಿದ ಇಟ್ಟಿಗೆಯು ಆಯತ ಘನ. ಬೆಲ್ಲದ ಪೆಂಟೆಯು ತುದಿಯನ್ನು ಕತ್ತರಿಸಿದ ಶಂಕುವಿನಂತೆ ಕುಳಿತಿರುತ್ತದೆ. ಜಗತ್ತಿನ ಎಷ್ಟೇ ತೊಡಕಿನ ಆಕೃತಿಯಾದರೂ ಈ ಕೆಲವೇ ಸರಳ ರೂಪಗಳ ಕೂಡಿಕೆಯೆಂದು ಭಾವಿಸಿದರೆ ಅದರ ನೆರಳನ್ನು ಬರೆಯುವುದು ಸುಲಭವಾಗುತ್ತದೆ. ಆದುದರಿಂದ ಕಲಿಕೆಯು ಇವುಗಳಿಂದಲೇ ಆರಂಭವಾಗುವುದು ಯೋಗ್ಯ.

ಒಂದು ದಾಳಿಂಬೆಯನ್ನು ಬಿಳಿಯ ಹಾಳೆಯ ಮೇಲಿಟ್ಟು, ಎಡಗಡೆಯ ಕಿಟಕಿಯೊಂದರಿಂದ ಮಾತ್ರ ಬೆಳಕು ಬರುವಂತೆ ಮಾಡಿ ನೋಡಿದರೆ ಅದರ ಮೈಮೇಲೆ ಹಲವು ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ಕಿಟಕಿಯ ಬೆಳಕು ಕನ್ನಡಿಯಲ್ಲಿ ಹೊಳೆದಂತೆ ಹೊಳೆಯುವ ಸಣ್ಣ ಸ್ಥಳವೇ ಹೊಳಪಿನ ಬಿಂದು. ಅದರ ಸುತ್ತ ಹಣ್ಣಿನ ನಿಜವಾದ ಬಣ್ಣವನ್ನು ತೋರುವ ಬೆಳಕಿನ ಭಾಗವಿದೆ. ಮೈಯು ಬೆಳಕಿನಿಂದ ಓರೆಯಾಗಿ ತಿರುಗುತ್ತಿದ್ದಂತೆ ಬಣ್ಣವು ಮಂಕಾಗುತ್ತದೆ, ಇದು ನಡುಛಾಯೆ. ಬೆಳಕು ಮುಟ್ಟದ ಕಡೆಗೆ ಮೈ ತಿರುಗಿದೊಡನೆ ಗಾಢಛಾಯೆಯ ಪಟ್ಟಿಯೊಂದು ಕಾಣುತ್ತದೆ. ಹಣ್ಣಿನ ಬಲ ಅಂಚಿನವರೆಗೂ ಕಪ್ಪು ಹೆಚ್ಚುತ್ತಲೇ ಹೋಗುವುದೆಂದು ಊಹಿಸುವವರು ಬಹಳ ಮಂದಿ. ವಾಸ್ತವದಲ್ಲಿ ಹಾಗಿಲ್ಲ. ಕೆಳಗಿನ ಬಿಳಿಯ ಹಾಳೆಯಿಂದ ಚಿಮ್ಮಿದ ಬೆಳಕು ಹಣ್ಣಿನ ಅಡಿಭಾಗವನ್ನು ಸ್ವಲ್ಪ ಬೆಳಗಿಸುತ್ತದೆ. ಇದನ್ನು ಪ್ರತಿಫಲಿತ ಬೆಳಕು ಎನ್ನುತ್ತಾರೆ. ಕೊನೆಯದಾಗಿ, ಹಣ್ಣು ತಡೆದ ಬೆಳಕಿನ ಗುರುತಾಗಿ ಹಾಳೆಯ ಮೇಲೆ ಬಿದ್ದಿರುವುದು ಬೀಳುನೆರಳು. ಇದು ಹಣ್ಣಿನ ಬುಡದಲ್ಲಿ ಗಾಢವಾಗಿ, ಸ್ಪಷ್ಟವಾದ ಅಂಚಿನಿಂದ ಕೂಡಿರುತ್ತದೆ. ದೂರ ಹೋದಂತೆ ಅಂಚು ಮೆತ್ತಗಾಗುತ್ತದೆ. ವಿಜ್ಞಾನದ ಪಾಠದಲ್ಲಿ ಬರುವ ಪೂರ್ಣಛಾಯೆ ಮತ್ತು ಉಪಛಾಯೆಗಳನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಬೆಳಕಿನ ಭಾಗವು ನಡುಛಾಯೆಯಾಗಿ ಮಾರ್ಪಡುವುದಕ್ಕೆ ಒಂದು ನಿಯಮವುಂಟು. ಜೊಹಾನ್ ಹೈನ್ರಿಚ್ ಲ್ಯಾಂಬರ್ಟ್ ಎಂಬ ವಿದ್ವಾಂಸನು 1760ರಲ್ಲಿ ಪ್ರಕಟಿಸಿದ ಬೆಳಕಿನ ಅಳತೆಯ ಗ್ರಂಥದಲ್ಲಿ ಇದನ್ನು ವಿವರಿಸಿದನು. ಬೆಳಕು ಒಂದು ಮೇಲ್ಮೈಯ ಮೇಲೆ ನೇರವಾಗಿ ಬಿದ್ದಾಗ ಆ ಮೇಲ್ಮೈ ಪೂರ್ಣವಾಗಿ ಬೆಳಗುತ್ತದೆ. ನೇರದಿಂದ 60 ಡಿಗ್ರಿಗಳಷ್ಟು ಓರೆಯಾದಾಗ ಅದಕ್ಕೆ ಅರ್ಧದಷ್ಟೇ ಬೆಳಕು ದೊರೆಯುತ್ತದೆ. 90 ಡಿಗ್ರಿಗಳಷ್ಟು ತಿರುಗಿದಾಗ ಏನೂ ದೊರೆಯುವುದಿಲ್ಲ. ಒಂದೇ ಹಿಡಿ ಬೀಜವನ್ನು ಸಣ್ಣ ಮಡಿಯಲ್ಲಿ ಬಿತ್ತಿದರೆ ದಟ್ಟವಾಗಿಯೂ ದೊಡ್ಡ ಮಡಿಯಲ್ಲಿ ಬಿತ್ತಿದರೆ ವಿರಳವಾಗಿಯೂ ಬೀಳುವಂತೆ, ಓರೆಯಾದ ಮೇಲ್ಮೈಯಲ್ಲಿ ಅದೇ ಬೆಳಕು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಇಟ್ಟಿಗೆಯ ಒಂದು ಮುಖವೆಲ್ಲ ಒಂದೇ ದಿಕ್ಕಿಗೆ ತಿರುಗಿರುವುದರಿಂದ ಅದರ ಛಾಯೆಯೂ ಹೆಚ್ಚುಕಡಿಮೆ ಒಂದೇ. ಮೂಲೆ ಬಂದೊಡನೆ ಅದು ತಟ್ಟನೆ ಬದಲಾಗುತ್ತದೆ. ಕೊಡದ ಮೈಯು ಎಡೆಬಿಡದೆ ತಿರುಗುತ್ತ ಹೋಗುವುದರಿಂದ ಅದರ ಛಾಯೆಯೂ ಮೆಲ್ಲಮೆಲ್ಲನೆ ಬದಲಾಗುತ್ತದೆ.

ಬೆಳಕಿನ ದಿಕ್ಕು ಎಷ್ಟು ಮುಖ್ಯವೆಂಬುದನ್ನು ಈ ಸೀಮೆಯ ಸೂರ್ಯನೇ ತೋರಿಸಿಕೊಡುತ್ತಾನೆ. ಜಮಖಂಡಿ, ಮುಧೋಳಗಳು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆಯೇ ಬರುತ್ತಾನೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ಭಾಗದಲ್ಲಿ ಬರುವ ಆ ದಿನಗಳ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರುವುದಿಲ್ಲ. ಅದೇ ಕಂಬವು ಸಂಜೆ ತನ್ನ ಎತ್ತರದ ಹಲವು ಪಟ್ಟು ಉದ್ದದ ನೆರಳನ್ನು ಚೆಲ್ಲುತ್ತದೆ. ಇದೇ ಜಿಲ್ಲೆಯ ಪಟ್ಟದಕಲ್ಲಿನ ಉಬ್ಬುಶಿಲ್ಪಗಳನ್ನು ಓರೆಬೆಳಕಿನಲ್ಲಿ ನೋಡಿದಾಗ ಕಣ್ಣು, ಮೂಗು, ಆಭರಣಗಳ ಆಳವು ಎದ್ದು ಕಾಣುತ್ತದೆ. ಬೆಳಕು ನೇರ ಎದುರಿನಿಂದ ಬಿದ್ದಾಗ ಅವೇ ಶಿಲ್ಪಗಳು ಚಪ್ಪಟೆಯಾದಂತೆ ತೋರುತ್ತವೆ. ಶಿಲ್ಪವು ಬದಲಾಗಲಿಲ್ಲ, ಬೆಳಕು ಬದಲಾಯಿತು. ವಸ್ತುಚಿತ್ರವನ್ನು ಬರೆಯುವವನು ಬೆಳಕು ಎಲ್ಲಿಂದ ಬರುತ್ತಿದೆಯೆಂದು ಮೊದಲು ಗೊತ್ತುಮಾಡಿಕೊಳ್ಳಬೇಕೆಂದು ಚಿತ್ರಕಲೆಯ ಶಿಕ್ಷಕರು ಹೇಳುವುದು ಇದಕ್ಕಾಗಿಯೇ.

ನೆರಳಿನಿಂದ ಮೈದುಂಬಿಸುವ ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವೆಂಬ ಭಾಗದಲ್ಲಿ ಇದನ್ನು ‘ವರ್ತನ’ ಎಂದು ಕರೆದು ಮೂರು ಬಗೆಗಳನ್ನು ಹೇಳಿದೆ. ಎಲೆಯ ನರಗಳಂಥ ಗೆರೆಗಳಿಂದ ಆಗುವುದು ಪತ್ರಜ; ಬಹು ನವುರಾದುದು ಐರಿಕ; ಚುಕ್ಕೆಗಳನ್ನು ಇಡುವುದರಿಂದ ಆಗುವುದು ಬಿಂದುಜ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಮಹಾಗ್ರಂಥ. ಅದರಲ್ಲಿ ಚಿತ್ರಕಲೆಗೂ ಸ್ಥಾನವಿದೆ. ಉಬ್ಬಿದ ಭಾಗವನ್ನು ಉಜ್ಜ್ವಲವಾಗಿಯೂ ತಗ್ಗಿದ ಭಾಗವನ್ನು ಶ್ಯಾಮಲವಾಗಿಯೂ ಬರೆಯಬೇಕೆಂಬುದು ಅದರ ಉಪದೇಶ. ಇದಕ್ಕೂ ಮೊದಲೇ, ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹಾದೇವಾಲಯದಲ್ಲಿ ಭಿತ್ತಿಚಿತ್ರಗಳನ್ನು ಬರೆಯಲಾಗಿತ್ತು. ಕಾಲದ ಹೊಡೆತಕ್ಕೆ ಅವು ಬಹುಮಟ್ಟಿಗೆ ಮಾಸಿದ್ದರೂ, ಅಜಂತೆಯ ಸಂಪ್ರದಾಯಕ್ಕೆ ಸಮೀಪವಾದ ಕೈವಾಡವು ಈ ಜಿಲ್ಲೆಯಲ್ಲಿಯೇ ಇತ್ತೆಂಬುದಕ್ಕೆ ಸಾಕ್ಷಿಯಾಗಿ ಉಳಿದಿವೆ.

ಬಿಂದುಜವೆಂಬ ಆ ಹಳೆಯ ಬಗೆಗೂ ಇಂದಿನ ಪರದೆಗೂ ಒಂದು ಸಾಮ್ಯವಿದೆ. ಪರದೆಯ ಚಿತ್ರವೂ ಚುಕ್ಕೆಗಳಿಂದಲೇ ಆದುದು. ಅಡ್ಡಲಾಗಿ 1,920, ನೀಟಾಗಿ 1,080 ಚುಕ್ಕೆಗಳಿರುವ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳಿರುತ್ತವೆ. ಪ್ರತಿಯೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿದ್ದು ಒಂದೊಂದಕ್ಕೂ 0ಯಿಂದ 255ರವರೆಗೆ 256 ಮಟ್ಟಗಳನ್ನು ಗೊತ್ತುಮಾಡಿರುತ್ತಾರೆ. ಮೂರೂ 0 ಆದರೆ ಕಪ್ಪು; ಮೂರೂ 255 ಆದರೆ ಬಿಳುಪು. ಈ ಮಟ್ಟಗಳ ಬೇರೆಬೇರೆ ಜೋಡಣೆಗಳಿಂದ 1,67,77,216 ಬಣ್ಣಗಳು ಸಿದ್ಧಿಸುತ್ತವೆ. ಗಣಕಯಂತ್ರದ ದೃಷ್ಟಿಯಲ್ಲಿ ದಾಳಿಂಬೆಯ ನೆರಳು ಎಂದರೆ ಕ್ರಮವಾಗಿ ಇಳಿಯುತ್ತ ಹೋಗುವ ಸಂಖ್ಯೆಗಳ ಸಾಲು.

ಚುಕ್ಕೆಗಳನ್ನು ಲೆಕ್ಕದಿಂದ ಜೋಡಿಸಿ ಚಿತ್ರ ಮಾಡುವ ಕೆಲಸದಲ್ಲಿ ನೇಕಾರರು ಎಲ್ಲರಿಗಿಂತ ಮುಂದಿದ್ದರು. ಫ್ರಾನ್ಸಿನ ಲಿಯೋಂ ನಗರದ ಜೋಸೆಫ್ ಮರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ತೂತುಗಳಿರುವ ರಟ್ಟುಗಳಿಂದ ಮಗ್ಗವನ್ನು ನಡೆಸುವ ಉಪಾಯವನ್ನು ರೂಢಿಗೆ ತಂದನು. ರಟ್ಟಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ; ತೂತಿಲ್ಲದ ಕಡೆ ಏಳುವುದಿಲ್ಲ. ಇಂಥ ರಟ್ಟುಗಳನ್ನೇ ತನ್ನ ಗಣನಯಂತ್ರಕ್ಕೆ ಬಳಸಿಕೊಳ್ಳಬೇಕೆಂದು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಮುಂದೆ ಯೋಜಿಸಿದನು. ಸೀರೆಗಳ ನೇಯ್ಗೆಗೆ ಹೆಸರಾದ ರಬಕವಿ-ಬನಹಟ್ಟಿಯ ಮಕ್ಕಳಿಗೆ ಜಕಾರ್ಡ್ ಎಂಬ ಹೆಸರು ಹೊಸದಲ್ಲ. ಮನೆಯ ಮಗ್ಗಕ್ಕೂ ಶಾಲೆಯ ಗಣಕಯಂತ್ರಕ್ಕೂ ಹೀಗೊಂದು ಹಳೆಯ ನಂಟುಂಟೆಂಬುದನ್ನು ಅವರು ಅಭಿಮಾನದಿಂದ ನೆನೆಯಬಹುದು.

ಗಣಕಯಂತ್ರದಲ್ಲಿ ನೆರಳನ್ನು ಮೂಡಿಸುವ ಪ್ರಯತ್ನಗಳು 20ನೆಯ ಶತಮಾನದಲ್ಲಿ ನಡೆದವು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆಗಳನ್ನೆಳೆಯುವ ವ್ಯವಸ್ಥೆಯನ್ನು ತೋರಿಸಿದನು. ಅದರಲ್ಲಿ ಗೆರೆಗಳಿದ್ದವೇ ಹೊರತು ಛಾಯೆಯಿರಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಹೆನ್ರಿ ಗುರೋ ಎಂಬ ಫ್ರೆಂಚ್ ತರುಣನು ತನ್ನ ಪತ್ನಿಯ ಮುಖದ ಮೇಲೆಯೇ ಗೆರೆಗಳನ್ನು ಬರೆದು, ಆ ಮುಖವನ್ನು ಸಣ್ಣಸಣ್ಣ ಚಪ್ಪಟೆ ತುಂಡುಗಳಾಗಿ ವಿಂಗಡಿಸಿ ಗಣಕಯಂತ್ರಕ್ಕೆ ಕೊಟ್ಟನು. ತುಂಡುಗಳ ಅಂಚುಗಳು ಕಾಣದಂತೆ ಒಂದರ ಛಾಯೆಯನ್ನು ಇನ್ನೊಂದರೊಳಕ್ಕೆ ಕ್ರಮವಾಗಿ ಹರಿಯಿಸುವ ವಿಧಾನವನ್ನು ಅವನು 1971ರಲ್ಲಿ ಪ್ರಕಟಿಸಿದನು. ಅದೇ ವಿಶ್ವವಿದ್ಯಾಲಯದಲ್ಲಿದ್ದ, ವಿಯೆಟ್ನಾಮಿನ ಬುಯಿ ತುವೊಂಗ್ ಫೋಂಗ್ ಎಂಬವನು ಹೊಳಪಿನ ಬಿಂದುವನ್ನು ಲೆಕ್ಕಹಾಕುವ ಬಗೆಯನ್ನು ಕಂಡುಹಿಡಿದನು. ಅವನ ಲೇಖನವು 1975ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವನು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಹಿತ್ತಾಳೆಯ ತಂಬಿಗೆಯ ಹೊಳಪು ಚಿಕ್ಕದಾಗಿ, ತೀಕ್ಷ್ಣವಾಗಿರುತ್ತದೆ. ಮಣ್ಣಿನ ಮಡಕೆಯ ಹೊಳಪು ಮಂಕಾಗಿ, ಹರಡಿರುತ್ತದೆ. ಈ ಭೇದವನ್ನು ಅವನ ಲೆಕ್ಕವು ತೋರಿಸಬಲ್ಲುದಾಗಿತ್ತು. ಆದರೆ ಈ ವಿಜ್ಞಾನಿಗಳು ಯಂತ್ರಕ್ಕೆ ಕಲಿಸಿದ್ದು ತಾವು ನಿಜವಾದ ವಸ್ತುಗಳ ಮೇಲೆ ಕಂಡ ಬೆಳಕನ್ನೇ ಎಂಬುದು ಗಮನಾರ್ಹ.

ಚಿತ್ರಕಾರನು ತನ್ನ ಕೈಯಿಂದಲೇ ಪರದೆಯ ಮೇಲೆ ನೆರಳನ್ನು ಬರೆಯುವಾಗ ಕೆಲವು ಹಂತಗಳನ್ನು ಅನುಸರಿಸುವುದು ಒಳ್ಳೆಯದು. ಡಿಜಿಟಲ್ ಚಿತ್ರವನ್ನು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳಲ್ಲಿ ರಚಿಸಲಾಗುತ್ತದೆ. ಮೊದಲನೆಯ ಪದರದಲ್ಲಿ ಆಕೃತಿಯ ಗೆರೆಗಳನ್ನೂ ಎರಡನೆಯದರಲ್ಲಿ ವಸ್ತುವಿನ ಸಹಜ ಬಣ್ಣವನ್ನೂ ತುಂಬಬೇಕು. ಅನಂತರ ಚಿತ್ರದ ಮೂಲೆಯಲ್ಲಿ ಒಂದು ಬಾಣದ ಗುರುತನ್ನು ಹಾಕಿ ಬೆಳಕಿನ ದಿಕ್ಕನ್ನು ನಿಶ್ಚಯಿಸಬೇಕು. ಮೂರನೆಯ ಪದರದಲ್ಲಿ ಬೆಳಕಿನ ಭಾಗ ಮತ್ತು ನೆರಳಿನ ಭಾಗ ಎಂದು ಎರಡೇ ಪಾಲು ಮಾಡಿ, ಅವುಗಳ ನಡುವಿನ ಗಡಿಯು ವಸ್ತುವಿನ ಮೈಯನ್ನು ಅನುಸರಿಸುವುದೇ ಎಂದು ಪರೀಕ್ಷಿಸಬೇಕು. ಕಂಡಿಕೆಯ ಮೇಲೆ ಈ ಗಡಿಯು ನೀಳವಾಗಿ ಸಾಗುತ್ತದೆ. ಕೊಡದ ಮೇಲೆ ಬಾಗುತ್ತದೆ. ಇಟ್ಟಿಗೆಯಲ್ಲಿ ಅಂಚಿಗೆ ಹೊಂದಿಕೊಳ್ಳುತ್ತದೆ. ಗಡಿಯು ಸರಿಯಾದ ಮೇಲೆಯೇ ನಡುಛಾಯೆ, ಪ್ರತಿಫಲಿತ ಬೆಳಕು, ಬೀಳುನೆರಳುಗಳು ಬರಬೇಕು. ಹೊಳಪಿನ ಬಿಂದುವು ಎಲ್ಲಕ್ಕೂ ಕೊನೆಯದು.

ನೆರಳಿನ ಪದರಕ್ಕೆ ‘ಮಲ್ಟಿಪ್ಲೈ’, ಅಂದರೆ ಗುಣಾಕಾರ, ಎಂಬ ವಿಧಾನವನ್ನು ಬಳಸುವುದುಂಟು. ಇದರಲ್ಲಿ ಕೆಳಗಿನ ಬಣ್ಣದ ಮಟ್ಟವನ್ನು ನೆರಳಿನ ಮಟ್ಟದಿಂದ ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಕೆಳಗಿನ ಮಟ್ಟ 200, ನೆರಳಿನದು 153 ಆದರೆ ಫಲವು 120. ದಟ್ಟವಾದ ಸಾಮಾನ್ಯ ಬಣ್ಣವು ಸೀರೆಯ ಹೂಬಳ್ಳಿಯನ್ನು ಮುಚ್ಚಿಬಿಡುತ್ತದೆ. ಗುಣಾಕಾರದ ನೆರಳಾದರೋ ಹೂಬಳ್ಳಿಯನ್ನು ಉಳಿಸಿಕೊಂಡು ಅದನ್ನು ಕಪ್ಪಾಗಿಸುತ್ತದೆ. ಈ ಸೌಲಭ್ಯವುಳ್ಳ ‘ಕ್ರಿತಾ’, ‘ಗಿಂಪ್’ ಮೊದಲಾದ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದುದರಿಂದ ಹಣವಿಲ್ಲವೆಂಬ ಕಾರಣಕ್ಕೆ ತಂತ್ರಾಂಶವು ಕಲಿಕೆಗೆ ಅಡ್ಡಿಯಾಗಬೇಕಾಗಿಲ್ಲ.

ಹೊಸಬರು ಮಾಡುವ ತಪ್ಪುಗಳಲ್ಲಿ ಕೆಲವು ಪದೇಪದೇ ಕಾಣಿಸಿಕೊಳ್ಳುತ್ತವೆ. ಬೆಳಕಿನ ದಿಕ್ಕನ್ನು ಮರೆತು ಎಲ್ಲ ಅಂಚುಗಳನ್ನೂ ಕಪ್ಪಾಗಿಸಿ ನಡುವೆ ಬಿಳುಪನ್ನಿಡುವುದು ಮೊದಲನೆಯದು. ಹೀಗೆ ಮಾಡಿದಾಗ ಕೊಡವಾಗಲಿ ಇಟ್ಟಿಗೆಯಾಗಲಿ ಎಲ್ಲವೂ ತಲೆದಿಂಬಿನಂತೆ ಉಬ್ಬಿಕೊಳ್ಳುತ್ತವೆ. ಎಲ್ಲೆಡೆಯೂ ಮೆದುವಾದ ಕುಂಚವನ್ನೇ ಆಡಿಸುವುದು ಎರಡನೆಯದು; ಇದರಿಂದ ಕಲ್ಲೂ ಹೊಗೆಯಂತೆ ಕಾಣುತ್ತದೆ. ಬೀಳುನೆರಳನ್ನು ಬಿಟ್ಟುಬಿಡುವುದರಿಂದ ವಸ್ತುವು ನೆಲದ ಮೇಲೆ ಕೂಡದೆ ತೇಲಾಡುತ್ತದೆ. ಚಿತ್ರವನ್ನು ಹಿಗ್ಗಿಸಿಕೊಂಡು ಒಂದೇ ಮೂಲೆಯನ್ನು ತಿದ್ದುತ್ತ ಕುಳಿತವನಿಗೆ ಇಡೀ ಚಿತ್ರವು ಕಣ್ತಪ್ಪಿಹೋಗುತ್ತದೆ. ಚಿತ್ರವನ್ನು ಆಗಾಗ ಕುಗ್ಗಿಸಿ, ಬಣ್ಣಗಳನ್ನು ತೆಗೆದು ಕಪ್ಪುಬಿಳುಪಾಗಿ ನೋಡಿದರೆ ಛಾಯೆಯ ದೋಷಗಳು ಬೇಗನೆ ಗೋಚರಿಸುತ್ತವೆ.

ನೆರಳೆಂದರೆ ಕಪ್ಪು ಬಣ್ಣವೆಂಬುದೂ ಒಂದು ತಪ್ಪು ಕಲ್ಪನೆಯೇ. ಬಿಸಿಲಿಗೆ ನಿಂತ ಸುಣ್ಣದ ಗೋಡೆಯ ಮೇಲೆ ಬಿದ್ದ ಬೇವಿನ ಮರದ ನೆರಳನ್ನು ನಿಧಾನವಾಗಿ ನೋಡಿದರೆ ಅದರಲ್ಲಿ ನೀಲಿಯ ಛಾಯೆಯಿರುವುದು ತಿಳಿಯುತ್ತದೆ. ಸೂರ್ಯನ ನೇರ ಕಿರಣಗಳನ್ನು ಮರವು ತಡೆದರೂ ನೀಲಿ ಆಕಾಶದ ಬೆಳಕು ಆ ಸ್ಥಳವನ್ನು ಮುಟ್ಟುತ್ತಿರುತ್ತದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ವಿಸ್ತಾರವಾಗಿ ಹರಡಿಕೊಂಡಿದೆ. ಅಂಥ ನೀರಿನ ದಡದಲ್ಲಿ ದೋಣಿಯ ಮಗ್ಗುಲನ್ನು ನೋಡಿದರೆ, ನೆರಳಿರಬೇಕಾದ ಕಡೆಯಲ್ಲಿ ನೀರಿನಿಂದ ಚಿಮ್ಮಿದ ಬೆಳಕು ಅಲೆಅಲೆಯಾಗಿ ಆಡುವುದು ಕಾಣುತ್ತದೆ. ಕೆಂಪು ಮಣ್ಣಿನ ಮೇಲಿಟ್ಟ ಬಿಳಿಯ ತಟ್ಟೆಯ ಅಡಿಭಾಗವು ತುಸು ಕೆಂಪಾಗುತ್ತದೆ. ಹೀಗೆ ಒಂದು ವಸ್ತುವಿನ ನೆರಳಿನಲ್ಲಿ ಅದರ ನೆರೆಯ ವಸ್ತುಗಳ ಬಣ್ಣವೂ ಬೆರೆತಿರುತ್ತದೆ.

ಸರಳ ರೂಪಗಳ ಅಭ್ಯಾಸವಾದ ಮೇಲೆ ಜೀವವಿರುವ ರೂಪಗಳನ್ನು ಎತ್ತಿಕೊಳ್ಳಬಹುದು. ಮುಧೋಳದ ಬೇಟೆನಾಯಿಯು ಇದಕ್ಕೆ ತಕ್ಕ ಉದಾಹರಣೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಗಿಡ್ಡ ಕೂದಲಿನ ಅದರ ತೆಳ್ಳನೆಯ ಮೈಯಲ್ಲಿ ಎದೆಯ ಗೂಡು, ಒಳಸೇರಿದ ಹೊಟ್ಟೆ, ತೊಡೆಯ ಸ್ನಾಯುಗಳು ಎಲ್ಲವೂ ಬೇರೆಬೇರೆಯಾಗಿ ತೋರುತ್ತವೆ. ನೀಳವಾದ ಮೂತಿಯನ್ನು ತುದಿ ಕತ್ತರಿಸಿದ ಶಂಕುವೆಂದೂ ಕುತ್ತಿಗೆಯನ್ನು ಬಾಗಿದ ಸಿಲಿಂಡರ್ ಎಂದೂ ಎದೆಯನ್ನು ಮೊಟ್ಟೆಯೆಂದೂ ಎಣಿಸಿ, ಒಂದೊಂದಕ್ಕೂ ಒಂದೇ ದಿಕ್ಕಿನ ಬೆಳಕನ್ನು ಕೊಟ್ಟರೆ ಪರದೆಯ ಮೇಲೆ ನಾಯಿಯು ಎದ್ದುನಿಲ್ಲುತ್ತದೆ. ಪಕ್ಕೆಲುಬುಗಳಿಗೆ ಒಂದು ದಿಕ್ಕಿನಿಂದಲೂ ಕಾಲುಗಳಿಗೆ ಇನ್ನೊಂದು ದಿಕ್ಕಿನಿಂದಲೂ ಬೆಳಕು ಬಂದರೆ ಗೆರೆಗಳು ಎಷ್ಟೇ ಅಂದವಾಗಿದ್ದರೂ ಚಿತ್ರವು ನಂಬಿಕೆಯನ್ನು ಕಳೆದುಕೊಳ್ಳುತ್ತದೆ.

ಈ ವಿದ್ಯೆಯು ಕೇವಲ ಮನೋರಂಜನೆಗೆ ಮೀಸಲಾದುದಲ್ಲ. ನೇಕಾರರ ನಾಡಿನಲ್ಲಿ ಇದಕ್ಕೆ ಅನ್ನದೊಡನೆಯೂ ಸಂಬಂಧವಿದೆ. ಇಂದು ಸೀರೆಯ ಅಂಚು, ಸೆರಗುಗಳ ವಿನ್ಯಾಸಗಳನ್ನು ಗಣಕಯಂತ್ರದಲ್ಲಿ ರಚಿಸುವ ಪದ್ಧತಿಯು ಜವಳಿ ಉದ್ಯಮದಲ್ಲಿ ಬಳಕೆಯಲ್ಲಿದೆ. ಮಗ್ಗದಲ್ಲಿ ಬಣ್ಣವನ್ನು ಕುಂಚದಿಂದ ಬೆರೆಸಲಾಗದು. ಅಲ್ಲಿರುವುದು ಹಾಸು ಮತ್ತು ಹೊಕ್ಕು ಮಾತ್ರ. ಹೂವಿನ ಎಸಳಿನಲ್ಲಿ ಛಾಯೆಯನ್ನು ತೋರಿಸಬೇಕಾದರೆ ಹೊಕ್ಕಿನ ಎಳೆಯು ಒಂದು ಕಡೆ ಹೆಚ್ಚಾಗಿ, ಮುಂದೆ ಕ್ರಮೇಣ ಕಡಿಮೆಯಾಗಿ ಮೇಲೆ ಕಾಣುವಂತೆ ಲೆಕ್ಕಹಾಕಬೇಕು. ಉಳಿದ ಬೆರಕೆಯನ್ನು ನೋಡುವವರ ಕಣ್ಣು ಮಾಡಿಕೊಳ್ಳುತ್ತದೆ. ಪರದೆಯ ಮೇಲಿನ ತಪ್ಪನ್ನು ಅಳಿಸಬಹುದು; ನೆಯ್ದುಹೋದ ತಪ್ಪನ್ನು ಅಳಿಸಲಾಗದು. ನೆರಳು ತಪ್ಪಾಗಿ ಬಿದ್ದ ಹೂವೊಂದು ಸೆರಗಿನ ತುಂಬ ಮರುಕಳಿಸಿದರೆ ನೂಲೂ ದುಡಿಮೆಯೂ ವ್ಯರ್ಥವಾಗುತ್ತವೆ.

ಈಚೆಗೆ ಮಾತಿನಲ್ಲಿ ಕೇಳಿದೊಡನೆ ಚಿತ್ರವನ್ನು ರಚಿಸಿಕೊಡುವ ತಂತ್ರಾಂಶಗಳೂ ಬಂದಿವೆ. ಅವು ಕೊಟ್ಟ ಚಿತ್ರದಲ್ಲಿ ಒಂದು ಮರದ ನೆರಳು ಪೂರ್ವಕ್ಕೂ ಪಕ್ಕದ ಮನೆಯ ನೆರಳು ಪಶ್ಚಿಮಕ್ಕೂ ಬಿದ್ದಿರಬಹುದು. ಅದನ್ನು ಕಂಡುಹಿಡಿದು ತಿದ್ದಬೇಕಾದವನು ನೆರಳನ್ನು ತಾನೇ ಬರೆದು ಕಲಿತಿರಬೇಕು. ಕಲಿಯದವನು ಯಂತ್ರವು ಕೊಟ್ಟುದನ್ನು ಕೊಟ್ಟಂತೆಯೇ ಒಪ್ಪಿಕೊಳ್ಳಬೇಕಾಗುತ್ತದೆ. ಉಪಕರಣಗಳು ಹೆಚ್ಚಿದಷ್ಟೂ ಒಳ್ಳೆಯದನ್ನೂ ಕೆಟ್ಟುದನ್ನೂ ಬೇರ್ಪಡಿಸಬಲ್ಲ ಕಣ್ಣಿನ ಬೆಲೆಯು ಹೆಚ್ಚುತ್ತದೆ.

ಅಂಥ ಕಣ್ಣನ್ನು ಪಡೆಯಲು ಬೆಲೆಬಾಳುವ ಸಾಧನಗಳು ಬೇಕಾಗಿಲ್ಲ. ಗಣಕಯಂತ್ರವಿಲ್ಲದ ದಿನ ಪೆನ್ಸಿಲು ಸಾಕು; ಪೆನ್ಸಿಲೂ ಇಲ್ಲದಾಗ ಬರಿಯ ನೋಟವೇ ಸಾಕು. ಮುಂಜಾನೆ ಅಂಗಳದಲ್ಲಿಟ್ಟ ಕೊಡವೊಂದರ ನೆರಳು ಎತ್ತ ಬಿದ್ದಿದೆ, ನಡುಹಗಲಿಗೆ ಅದು ಎಷ್ಟು ಕುಗ್ಗಿತು, ಸಂಜೆಗೆ ಎತ್ತ ಹೊರಳಿತು ಎಂಬುದನ್ನು ದಿನವೂ ಗಮನಿಸುವ ವಿದ್ಯಾರ್ಥಿಯು ಈ ಕಲೆಯ ಅರ್ಧವನ್ನು ಆಗಲೇ ಕಲಿತಿರುತ್ತಾನೆ. ಮಿಕ್ಕ ಅರ್ಧವು ಕೈಯ ಅಭ್ಯಾಸದಿಂದ ಬರುತ್ತದೆ.